ತುಟಿ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್‌ನಿಂದ ಬಾಯಿ ಕ್ಯಾನ್ಸರ್ ಬರುತ್ತದೆಯೇ?

ಜ್ವರ ಬಂದಾಗ ಕೆಲವರಿಗೆ ತುಟಿಯಂಚಿನಲ್ಲಿ ನೀರು ತುಂಬಿದ ಸಣ್ಣ ಗುಳ್ಳೆಗಳು ಏಳುತ್ತವೆ. ಸಾಮಾನ್ಯವಾಗಿ ಇದಕ್ಕೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಟೈಪ್-1 ಎಂಬ ವೈರಸ್. ಇದೇ ಮುಂದೆ ಬಾಯಿ ಕ್ಯಾನ್ಸರ್ ಆಗುತ್ತದೆಯೇ? ನಾವು ಪರಿಶೀಲಿಸಿದೆವು.

ಅನುಮಾನ ಬಂದಿದ್ದು ಯಾಕೆ?

ಹರ್ಪಿಸ್ ಕುಟುಂಬದ ಕೆಲವು ವೈರಸ್‌ಗಳು ಕ್ಯಾನ್ಸರ್‌ಗೆ ಕಾರಣವಾಗುವುದು ನಿಜ. 1964ರಲ್ಲಿ ಪತ್ತೆಯಾದ ಎಪ್‌ಸ್ಟೈನ್-ಬಾರ್ ವೈರಸ್‌ಗೂ ಮೂಗಿನ ಹಿಂಭಾಗದಲ್ಲಿ ಬರುವ ಒಂದು ಬಗೆಯ ಕ್ಯಾನ್ಸರ್‌ಗೂ ನಂಟಿದೆ. ಹೀಗಾಗಿ ಟೈಪ್-1 ವೈರಸ್ ಮೇಲೂ ವಿಜ್ಞಾನಿಗಳು ಕಣ್ಣಿಟ್ಟರು. 1980ರ ದಶಕದಲ್ಲಿ ಹ್ಯಾಮ್‌ಸ್ಟರ್‌ಗಳ ಕೆನ್ನೆಯೊಳಗೆ ಪ್ರಯೋಗ ನಡೆಯಿತು. ವೈರಸ್ ಒಂದನ್ನೇ ಹಾಕಿದಾಗ ಕ್ಯಾನ್ಸರ್ ಆಗಲಿಲ್ಲ. ಜೊತೆಗೆ ತಂಬಾಕಿನ ಪುಡಿಯನ್ನೂ ಇಟ್ಟಾಗ ಕೆಲವು ಪ್ರಾಣಿಗಳಲ್ಲಿ ಆಯಿತು.

ಮನುಷ್ಯರ ವಿಷಯದಲ್ಲಿ ಏನು?

ಕೆಲವು ಕ್ಯಾನ್ಸರ್ ರೋಗಿಗಳ ಬಾಯಲ್ಲಿ ಈ ವೈರಸ್ ಸಿಕ್ಕಿದೆ. ಆದರೆ ಸಿಕ್ಕ ಮಾತ್ರಕ್ಕೆ ಅದೇ ಕಾರಣ ಎನ್ನಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 64% ಜನರಲ್ಲಿ ಇದು ಇದೆ. ಅವರಲ್ಲಿ ಬಹುತೇಕರಿಗೆ ಬಾಯಿ ಕ್ಯಾನ್ಸರ್ ಬರುವುದಿಲ್ಲ. ಈ ವೈರಸ್ ತಾನಾಗಿಯೇ ಬಾಯಿ ಕ್ಯಾನ್ಸರ್ ತರುತ್ತದೆ ಎಂಬುದು ಸಾಬೀತಾಗಿಲ್ಲ.

ಹಾಗಾದರೆ ನಿಜವಾದ ಕಾರಣ?

ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಮತ್ತು ಮದ್ಯ. ತಂಬಾಕಿಲ್ಲದ ಎಲೆ-ಅಡಿಕೆಯೂ ಸುರಕ್ಷಿತವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ವೈರಸ್‌ಗಳ ಪೈಕಿ ಬಾಯಿ ಮತ್ತು ಗಂಟಲಿನ ಕೆಲವು ಕ್ಯಾನ್ಸರ್‌ಗಳಿಗೆ ಕಾರಣ ಎಂದು ಸಾಬೀತಾಗಿರುವುದು ಎಚ್‌ಪಿವಿ. ಅದು ಹರ್ಪಿಸ್ ಕುಟುಂಬಕ್ಕೆ ಸೇರಿದ್ದಲ್ಲ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಹರ್ಪಿಸ್ ಗುಳ್ಳೆ ಉರಿಯುತ್ತದೆ, ಸಾಮಾನ್ಯವಾಗಿ ಎರಡು ವಾರದೊಳಗೆ ಮಾಯುತ್ತದೆ. ಕ್ಯಾನ್ಸರ್ ಹುಣ್ಣು ಶುರುವಿನಲ್ಲಿ ನೋಯದೆಯೂ ಇರಬಹುದು, ಆದರೆ ಮಾಯುವುದಿಲ್ಲ. ಎರಡು ವಾರ ದಾಟಿದರೂ ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಕತ್ತಿನಲ್ಲಿ ಗಂಟು ಕಂಡರೆ ‘ಉಷ್ಣ ಆಗಿದೆ’ ಎಂದು ಸುಮ್ಮನಿರಬೇಡಿ. ದಂತ ವೈದ್ಯರಿಗೆ ತೋರಿಸಿ. ಬೇಗ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಹೆಚ್ಚು.

ನಮ್ಮ ತೀರ್ಮಾನ: ತುಟಿಯ ಗುಳ್ಳೆ ಬಾಯಿ ಕ್ಯಾನ್ಸರ್ ಆಗುತ್ತದೆ ಎನ್ನಲು ಪುರಾವೆ ಇಲ್ಲ. ಅಂಥ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ. ಮನೆಯಲ್ಲಿ ಗುಟ್ಕಾ, ಅಡಿಕೆ ಜಗಿಯುವವರಿದ್ದರೆ ಅವರಿಗೆ ಈ ಎರಡು ವಾರದ ಲೆಕ್ಕ ಹೇಳಿ.