ಹಂಸರಾಜ ಗಿಡವನ್ನು ಮನೆಯಲ್ಲಿ ಸಾಕುವ ಕ್ರಮ

ರಜೆಗೆ ಊರಿಗೆ ಹೋಗುವಾಗ ಶಾಲೆಯ ಪಡಸಾಲೆಯಲ್ಲಿರುವ ಹಂಸರಾಜದ ಒಂದು ತುಂಡನ್ನು ಬೇಡಿ ಒಯ್ಯುವ ಹುಡುಗಿಯರು ಪ್ರತಿ ವರ್ಷವೂ ಉಂಟು. ಎಕಂಬಾ ಮೊದಲಾದ ಔರಾದ ತಾಲೂಕಿನ ಊರುಗಳಿಗೆ ಹೋದ ತುಂಡುಗಳಲ್ಲಿ ಹೆಚ್ಚಿನವು ಮೇ ತಿಂಗಳನ್ನು ದಾಟುವುದಿಲ್ಲ. ದಿನಕ್ಕೆರಡು ಸಾರಿ ನೀರೆರೆದರೂ ಒಣಗಿತಲ್ಲಾ ಎಂಬುದೇ ಅವರೆಲ್ಲರ ದೂರು. ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಪ್ರಯೋಜನವಾದೀತೆಂದು ಇದರ ಕಾರಣವನ್ನು ಇಲ್ಲಿ ವಿವರಿಸುತ್ತೇನೆ.

ಹಂಸರಾಜವು ಜರೀಗಿಡಗಳ ಜಾತಿಗೆ ಸೇರಿದ್ದು. ಕಪ್ಪು ಕೂದಲಿನಂಥ ನಯವಾದ ಕಡ್ಡಿ, ಅದರ ಮೇಲೆ ಬೀಸಣಿಗೆಯಾಕಾರದ ಎಳೆಹಸುರಿನ ಚಿಕ್ಕ ಎಲೆಗಳು. ಇದಕ್ಕೆ ಹೂವೂ ಇಲ್ಲ, ಕಾಯಿಯೂ ಇಲ್ಲ. ನೀರು ಚಿಮುಕಿಸಿದರೆ ಹನಿಗಳು ಎಲೆಗೆ ಅಂಟದೆ ಜಾರಿ ಬೀಳುತ್ತವೆ. ಇದರ ಶಾಸ್ತ್ರೀಯ ಹೆಸರಾದ ಅಡಿಯಾಂಟಮ್ ಎಂಬುದಕ್ಕೆ ಗ್ರೀಕ್ ಭಾಷೆಯಲ್ಲಿ ನೆನೆಯದಿರುವುದು ಎಂದೇ ಅರ್ಥ. ಮಳೆಗಾಲದಲ್ಲಿ ಬದುಗಳ ಮೇಲೆ ಹುಟ್ಟಿ ಚಳಿಗಾಲ ಮುಗಿಯುವಷ್ಟರಲ್ಲಿ ಒಣಗುವ ಹಂಸಪಾದಿಯು ಇದರ ಸೋದರಿಯೇ ಹೊರತು ಇದಲ್ಲ. ಹಂಸರಾಜವು ತಂಪು ಸಿಕ್ಕಿದಲ್ಲಿ ವರ್ಷವಿಡೀ ಹಸುರಾಗಿರುತ್ತದೆ.

ಈ ಗಿಡವು ತಾನಾಗಿ ಎಲ್ಲಿ ಬೆಳೆಯುವುದೆಂಬುದನ್ನು ನೋಡಿದರೆ ಅದರ ಸ್ವಭಾವವು ತಿಳಿಯುವುದು. ಬೀದರ ನಗರವು ಜಂಬಿಟ್ಟಿಗೆ ಕಲ್ಲಿನ ದಿಣ್ಣೆಯ ಮೇಲಿದೆ. ಆ ಕಲ್ಲು ಮಳೆಯ ನೀರನ್ನು ಹೀರಿಕೊಳ್ಳುತ್ತದೆ. ಕೆಳಗಿನ ಜೇಡಿಮಣ್ಣು ಅದನ್ನು ತಡೆಯುತ್ತದೆ. ಆಗ ನೀರು ದಿಣ್ಣೆಯ ಅಂಚಿನಲ್ಲಿ ಝರಿಯಾಗಿ ಹೊರಡುತ್ತದೆ. ಝರಣಿ ನರಸಿಂಹ, ಗುರುನಾನಕ ಝರಾ ಎಂಬ ಹೆಸರುಗಳಲ್ಲಿಯೇ ಈ ಸಂಗತಿಯಿದೆ. ಬಹಮನಿ ಅರಸರ ಕಾಲದಲ್ಲಿ ನೌಬಾದಿನ ಬಳಿ ನೆಲದೊಳಗೆ ಕೊರೆದ ಕಾಲುವೆಯೂ ಇದೇ ನೀರನ್ನು ನಂಬಿದ್ದು. ಇಂಥ ಒಸರುವ ಕಲ್ಲಿನ ನೆರಳು, ಗಚ್ಚಿನ ಗೋಡೆ, ಹಳೆಯ ಮೆಟ್ಟಿಲುಬಾವಿಯ ಸಂದು, ಇವು ಹಂಸರಾಜದ ತವರುಮನೆ. ಅಲ್ಲಿ ಬೇರಿಗೆ ಸಿಗುವ ನೀರು ಅಲ್ಪವೇ. ಆದರೆ ಎಲೆಯ ಸುತ್ತಲಿನ ಗಾಳಿಯು ಹಗಲಿರುಳೂ ತೇವವಾಗಿರುತ್ತದೆ. ನಮ್ಮ ಹುಡುಗಿಯರು ಬೇರನ್ನು ಮುಳುಗಿಸಿ ಎಲೆಯನ್ನು ಬಿಸಿಗಾಳಿಗೆ ಒಡ್ಡುತ್ತಾರೆ. ಬೇರು ಕೊಳೆಯುತ್ತದೆ, ಎಲೆ ಸೀಯುತ್ತದೆ.

ಆದಕಾರಣ ಕುಂಡಕ್ಕೆ ಹೊಲದ ಎರೆಮಣ್ಣನ್ನು ಹಾಕಕೂಡದು. ಅದು ನೆನೆದರೆ ಅಂಟು, ಒಣಗಿದರೆ ಬಿರುಕು. ಕುಂಡದ ತಳದಲ್ಲಿ ಹೆಂಚಿನ ಚೂರುಗಳನ್ನು ಹರಡಿ, ಮೇಲೆ ಕೊಳೆತ ಎಲೆಗೊಬ್ಬರ, ಮರಳು, ಇದ್ದಲಿಯ ಪುಡಿ ಇವುಗಳನ್ನು ಕೂಡಿಸಿ ತುಂಬಬೇಕು. ಹಳೆಯ ಗೋಡೆಯ ಸುಣ್ಣದ ಗಾರೆ ಒಂದು ಹಿಡಿ ಸಿಕ್ಕಿದರೆ ಬಹಳ ಒಳ್ಳೆಯದು, ಸುಣ್ಣವೆಂದರೆ ಇದಕ್ಕೆ ಪ್ರೀತಿ. ಗಡ್ಡೆಯನ್ನು ಆಳವಾಗಿ ಹೂಳದೆ ಮೇಲೆ ಮೇಲೆಯೇ ಕೂರಿಸತಕ್ಕದ್ದು. ಕುಂಡವನ್ನಿಡಲು ಕುಡಿಯುವ ನೀರಿನ ಹರವಿಯ ಪಕ್ಕಕ್ಕಿಂತ ಯೋಗ್ಯ ಸ್ಥಳವು ನಮ್ಮ ಮನೆಗಳಲ್ಲಿ ಬೇರೆ ಇಲ್ಲ. ಅಲ್ಲಿ ನೆರಳೂ ಉಂಟು, ತಂಪೂ ಉಂಟು. ಅಗಲವಾದ ತಟ್ಟೆಯಲ್ಲಿ ಹರಳುಗಳನ್ನು ಹರಡಿ, ಅವು ಮುಳುಗದಷ್ಟು ನೀರು ಹಾಕಿ, ಅದರ ಮೇಲೆ ಕುಂಡವನ್ನಿಟ್ಟರೆ ಏಳುವ ತೇವವು ಎಲೆಗೆ ದೊರೆಯುವುದು. ಬೇಸಗೆಯಲ್ಲಿ ಒದ್ದೆಯ ಗೋಣಿತಟ್ಟನ್ನು ಸುತ್ತಲೂ ಮರೆಕಟ್ಟಬೇಕು.

ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್ ಎಂಬವರು 1829ರಲ್ಲಿ ಪತಂಗದ ಕೋಶವೊಂದನ್ನು ಗಾಜಿನ ಸೀಸೆಯಲ್ಲಿ ಹಸಿಮಣ್ಣಿನೊಡನೆ ಮುಚ್ಚಿಟ್ಟಾಗ, ಅದರೊಳಗೆ ಜರೀಗಿಡವೊಂದು ತಾನಾಗಿ ಚಿಗುರಿತು. ಆ ನಗರದ ಹೊಗೆಯಲ್ಲಿ ಸಾಯುತ್ತಿದ್ದ ಗಿಡವು ಸೀಸೆಯೊಳಗೆ ಬದುಕಿತು. ನಮ್ಮಲ್ಲಿ ಹೊಗೆಯ ಬದಲು ಬಿಸಿಗಾಳಿ, ಉಪಾಯವು ಒಂದೇ. ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ಎಳೆಯ ಗಿಡವನ್ನಿಟ್ಟರೆ ನಡುಬೇಸಗೆಯನ್ನು ದಾಟಿಸಬಹುದು, ಆದರೆ ಭರಣಿಯು ಬಿಸಿಲಿನಲ್ಲಿರಕೂಡದು.

ಎಲ್ಲಾ ಎಲೆಗಳೂ ಒಣಗಿದವೆಂದು ಕುಂಡವನ್ನು ತಿಪ್ಪೆಗೆ ಚೆಲ್ಲುವವರೇ ಹೆಚ್ಚು. ಹಾಗೆ ಮಾಡಬಾರದು. ಒಣಗಿದ್ದನ್ನು ಕತ್ತರಿಸಿ ಮಣ್ಣನ್ನು ಸ್ವಲ್ಪ ತೇವವಾಗಿಟ್ಟರೆ, ಜೀವವಿರುವ ಗಡ್ಡೆಯಿಂದ ಮುಷ್ಟಿಯಂತೆ ಸುರುಳಿಯಾದ ಹೊಸ ಕುಡಿಗಳು ಮಳೆ ಬಿದ್ದ ಮೇಲೆ ಏಳುತ್ತವೆ.

ಇನ್ನೊಂದು ಮಾತು. ಬಲಿತ ಎಲೆಯ ಅಂಚು ಹಿಂದಕ್ಕೆ ಮಡಿಚಿ ಕಂದುಬಣ್ಣವಾದಾಗ, ರೋಗವೆಂದು ತಿಳಿದು ಚಿವುಟುವವರುಂಟು. ಅದು ರೋಗವಲ್ಲ, ಗಿಡದ ಸಂತಾನ. ಆ ಮಡಿಕೆಯೊಳಗೆ ಧೂಳಿನಂಥ ಬೀಜಕಣಗಳಿರುತ್ತವೆ. ಕಣವು ಒದ್ದೆಯ ಕಲ್ಲಿನ ಮೇಲೆ ಬಿದ್ದರೆ ಮೊದಲು ಉಗುರಿಗಿಂತ ಚಿಕ್ಕದಾದ, ಹೃದಯಾಕಾರದ ಹಸುರು ಹಾಳೆಯಾಗುತ್ತದೆ. ಗಂಡು ಕಣವು ಅದರ ಮೇಲಿನ ನೀರಿನ ಪೊರೆಯಲ್ಲಿ ಈಜಿ ಹೆಣ್ಣು ಕಣವನ್ನು ಸೇರಿದ ಮೇಲೆಯೇ ನಿಜವಾದ ಗಿಡವು ಹುಟ್ಟುವುದು. ಒಸರುವ ಗೋಡೆಯನ್ನು ಇದು ಬಿಟ್ಟಿರದ ಕಾರಣವೂ ಇದೇ. ಕೊಳವೆಬಾವಿಗಳು ಬಂದು ಹಳೆಯ ಬಾವಿಗಳು ಬತ್ತಿದ ಊರುಗಳಲ್ಲಿ ಹಂಸರಾಜವು ಕಾಣದಂತಾಗಿದೆ. ಉಳಿದಿರುವ ಬಾವಿಗಳ ಗೋಡೆಯಿಂದ ದಯವಿಟ್ಟು ಯಾರೂ ಗಿಡವನ್ನು ಕೀಳಬೇಡಿರಿ, ಕಣಗಳಿರುವ ಒಂದೆರಡು ಎಲೆ ಸಾಕು. ಇಟ್ಟಿಗೆಯೊಂದಕ್ಕೆ ಕುದಿಯುವ ನೀರು ಸುರಿದು, ಆರಿದ ಮೇಲೆ ನೀರಿನ ತಟ್ಟೆಯಲ್ಲಿಟ್ಟು, ಅದರ ಮೇಲೆ ಎಲೆಯನ್ನು ಕೊಡವಿ, ಗಾಜಿನಿಂದ ಮುಚ್ಚಿ ನೆರಳಿನಲ್ಲಿಡಿರಿ. ಕೆಲವು ವಾರಗಳಲ್ಲಿ ಇಟ್ಟಿಗೆಗೆ ಹಸುರು ಬರುವುದು. ಎಲೆ ಕಾಣಲು ಇನ್ನೂ ಕೆಲವು ತಿಂಗಳು ಕಾಯಬೇಕು. ಆಷಾಢದಲ್ಲಿ ಆರಂಭಿಸುವುದು ಉತ್ತಮ.