ರೈತರಿಗೆ ತಗಲುವ ಖಿನ್ನತೆಯ ರೋಗ

ಅಡಕೆಯ ಗೊನೆಗೆ ಕೊಳೆರೋಗ ತಗಲಿದರೆ ತೋಟದ ಯಜಮಾನನು ಅದನ್ನು ಮರದ ಸೋಮಾರಿತನವೆಂದು ಎಣಿಸುವುದಿಲ್ಲ. ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಹೊಡೆಯಿಸುತ್ತಾನೆ. ಎತ್ತು ಮೇವು ಬಿಟ್ಟರೆ ಆ ದಿನವೇ ಪಶುವೈದ್ಯರಿಗೆ ಹೇಳಿಕಳುಹಿಸುತ್ತಾನೆ. ಆದರೆ ಅದೇ ಮನೆಯಲ್ಲಿ ದುಡಿಯುವವನೊಬ್ಬನು ಊಟ ನಿದ್ರೆಗಳನ್ನು ಬಿಟ್ಟು, ಹೊಲದ ಕಡೆಗೆ ಮುಖಹಾಕದೆ ಜಗಲಿಯ ಮೇಲೆ ಕುಳಿತುಬಿಟ್ಟರೆ, ಅವನಿಗೆ ಮೈಗಳ್ಳತನ ಬಂದಿದೆಯೆಂದೋ ಯಾರದೋ ದೃಷ್ಟಿ ತಾಕಿದೆಯೆಂದೋ ಹೇಳಿ ತಿಂಗಳುಗಟ್ಟಲೆ ಕಾಲ ಕಳೆಯುವುದುಂಟು. ಹೀಗೆ ಕಳೆದ ಕಾಲದಲ್ಲಿ ಎಷ್ಟೋ ಮನೆಗಳು ಯಜಮಾನನನ್ನೇ ಕಳೆದುಕೊಂಡಿವೆ.

ಮನಸ್ಸಿಗೆ ಬರುವ ರೋಗಗಳು ಹಲವು ಬಗೆಯವು. ಇಲ್ಲದ ದನಿಗಳು ಕೇಳಿಸುವುದು, ಕಾರಣವಿಲ್ಲದೆ ಎಲ್ಲರನ್ನೂ ಶಂಕಿಸುವುದು ಮೊದಲಾದ ಉಗ್ರ ಲಕ್ಷಣಗಳನ್ನು ಜನರು ಬೇಗನೆ ಗುರುತಿಸುತ್ತಾರೆ. ಗುರುತಿಗೆ ಸಿಕ್ಕದೆ ಉಳಿಯುವುದು ಖಿನ್ನತೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ವಯಸ್ಕರ ಪೈಕಿ ನೂರಕ್ಕೆ ಸುಮಾರು 10 ಮಂದಿ ಯಾವುದಾದರೊಂದು ಮನೋರೋಗದಿಂದ ನರಳುತ್ತಿದ್ದುದು ಕಂಡುಬಂದಿತು. ಖಿನ್ನತೆ ಹಿಡಿದವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನರು ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲ.

ಬೆಳೆ ಹೋದಾಗ ದುಃಖಪಡುವುದು ರೋಗವಲ್ಲ. ಅಂಥ ದುಃಖವು ನಾಲ್ಕು ಜನರೊಡನೆ ಮಾತನಾಡಿದಾಗ, ಮಗುವನ್ನು ಎತ್ತಿಕೊಂಡಾಗ, ಒಂದು ಹದಮಳೆ ಬಿದ್ದಾಗ ಸ್ವಲ್ಪವಾದರೂ ಸಡಿಲುತ್ತದೆ. ಖಿನ್ನತೆಯು ಹಾಗೆ ಸಡಿಲುವುದಿಲ್ಲ. ಎರಡು ವಾರಗಳಿಗೆ ಮೀರಿ, ದಿನದ ಬಹುಪಾಲು ಮನಸ್ಸಿಗೆ ಮಂಕು ಕವಿದಿರುತ್ತದೆ. ಹಿಂದೆ ಪ್ರಿಯವಾಗಿದ್ದ ಕೆಲಸದಲ್ಲಿ ಆಸಕ್ತಿ ಹೋಗುತ್ತದೆ. ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರವಾಗಿ ಮತ್ತೆ ನಿದ್ರೆ ಬಾರದು. ಹಲವರಿಗೆ ಆ ಹೊತ್ತಿನಲ್ಲಿಯೇ ಸಂಕಟ ಹೆಚ್ಚು. ಹಸಿವು ಕುಂದಿ ಮೈ ಇಳಿಯುತ್ತದೆ, ನಡಿಗೆ ಮಾತುಗಳು ನಿಧಾನವಾಗುತ್ತವೆ. ‘ನನ್ನಿಂದಲೇ ಮನೆ ಹಾಳಾಯಿತು’ ಎಂಬ ಅಪರಾಧಭಾವವು ಕೊರೆಯುತ್ತಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಮನಸ್ಸಿಗೆ ಬೇಸರವೆಂದು ಹೇಳಿಕೊಂಡು ಆಸ್ಪತ್ರೆಗೆ ಹೋಗುವವರು ವಿರಳ. ತಲೆಭಾರ, ಮೈಉರಿ, ಎದೆಯಲ್ಲಿ ಸಂಕಟ, ಸುಸ್ತು ಎಂದೇ ಹೇಳುತ್ತಾರೆ; ಶಕ್ತಿಯ ಇಂಜೆಕ್ಷನ್ ಹಾಕಿಸಿಕೊಂಡು ಹಿಂದಿರುಗುತ್ತಾರೆ, ಮುಂದಿನ ವಾರ ಮತ್ತೆ ಹೋಗುತ್ತಾರೆ.

ಇದಕ್ಕೆ ಕಾರಣ ಒಂದೇ ಅಲ್ಲ. ಸಾಲ, ಅನಾವೃಷ್ಟಿ, ಮನೆಯ ಕಲಹ, ಆಪ್ತರ ಮರಣಗಳು ರೋಗವನ್ನು ಕೆರಳಿಸುತ್ತವೆ. ಆದರೆ ಒಂದೇ ಬದುವಿನ ಆಚೀಚೆ ಒಂದೇ ಪ್ರಮಾಣದ ನಷ್ಟ ಅನುಭವಿಸಿದ ಇಬ್ಬರಲ್ಲಿ ಒಬ್ಬನು ಮಾತ್ರ ಹಾಸಿಗೆ ಹಿಡಿಯುವುದುಂಟು. ವಂಶದಿಂದ ಬರುವ ಒಲವು, ಮಿದುಳಿನ ಕಾರ್ಯದಲ್ಲಿನ ವ್ಯತ್ಯಾಸ, ಥೈರಾಯ್ಡ್ ಗ್ರಂಥಿಯ ಸ್ರಾವದ ಕೊರತೆ, ದೀರ್ಘಕಾಲದ ಇತರ ಬೇನೆ ಇವೂ ಸೇರುತ್ತವೆ. ಸ್ತ್ರೀಯರಲ್ಲಿ ಹೆರಿಗೆಯ ಅನಂತರ ಕಾಣಿಸಿಕೊಳ್ಳುವ ಖಿನ್ನತೆಯನ್ನು ಬಾಣಂತಿಯ ಹಟವೆಂದು ತಳ್ಳಿಹಾಕತಕ್ಕದ್ದಲ್ಲ. ಹೆಂಡ ಸಾರಾಯಿಗಳ ವಿಷಯವನ್ನು ಬೇರೆಯಾಗಿ ಹೇಳಬೇಕು: ಚಿಂತೆ ಮರೆಯಲೆಂದು ಕುಡಿದರೆ ಆ ರಾತ್ರಿ ಮರೆವು ಬಂದೀತು, ರೋಗ ಮಾತ್ರ ಬಲಿಯುತ್ತದೆ.

ಚಿಕಿತ್ಸೆಗೆ ದೊಡ್ಡ ಪಟ್ಟಣವೇ ಆಗಬೇಕೆಂಬುದು ಹಿಂದಿನ ಮಾತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಶಿಕ್ಷಣ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗಳ ಸಮೀಪಕ್ಕೆ ಒಯ್ದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿಯ ಪ್ರಯೋಗವೇ ಮಾದರಿಯಾಯಿತು. ರೋಗವು ಸೌಮ್ಯವಾಗಿದ್ದರೆ ತರಬೇತಾದವರೊಡನೆ ಕ್ರಮವಾದ ಸಮಾಲೋಚನೆ, ದಿನಕ್ಕೊಂದು ಸಣ್ಣ ಕೆಲಸವನ್ನು ಹಿಡಿದು ಮುಗಿಸುವ ಅಭ್ಯಾಸ, ಇವೇ ಸಾಕಾಗಬಹುದು. ಬಲವಾಗಿದ್ದರೆ ಮಾತ್ರೆ ಬೇಕು. ಈ ಮಾತ್ರೆಗಳು ನುಂಗಿದೊಡನೆ ಗುಣ ತೋರುವುದಿಲ್ಲ. ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಗುಣವಾದ ಮೇಲೂ ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ವೈದ್ಯರು ಹೇಳಿದಂತೆ ಮುಂದುವರಿಸತಕ್ಕದ್ದು. ಇವು ಹೆಂಡದಂತೆ ಚಟ ಹಿಡಿಸುವುವಲ್ಲ. ಆದರೆ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಳವಳಗಳು ಕಾಣಿಸಬಹುದು, ರೋಗವೂ ಮರುಕಳಿಸಬಹುದು. ವಿದ್ಯುತ್ ಚಿಕಿತ್ಸೆಯ ಹೆಸರು ಕೇಳಿ ಜನರು ಅಂಜುತ್ತಾರೆ. ಅದು ತೀವ್ರ ರೋಗಿಗಳಿಗೆ ಮಾತ್ರ, ಮತ್ತು 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ ಪ್ರಕಾರ ಅರಿವಳಿಕೆ ಕೊಡದೆ ಮಾಡುವುದು ನಿಷಿದ್ಧ.

ರೈತರ ಮನೆಯಲ್ಲಿ ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಬೆಳೆಗೆ ಹೊಡೆಯುವ ಕ್ರಿಮಿನಾಶಕವನ್ನು ಹಳ್ಳಿಯಲ್ಲಿ ಔಷಧವೆಂದು ಕರೆಯುತ್ತಾರೆ. ಹೆಸರು ಒಳ್ಳೆಯದು, ವಸ್ತು ವಿಷ. ಸಾಯಬೇಕೆಂಬ ಆವೇಗವು ಅನೇಕರಲ್ಲಿ ಅಲ್ಪಕಾಲದ್ದು; ಆ ಗಳಿಗೆಯಲ್ಲಿ ವಿಷವು ಕೈಗೆ ಸಿಕ್ಕದಿದ್ದರೆ ಮನುಷ್ಯನು ಉಳಿಯುತ್ತಾನೆ, ಹಾಗೆ ಉಳಿದವರಲ್ಲಿ ಬಹುಮಂದಿ ಮುಂದೆ ಆ ದಾರಿಯನ್ನು ಹಿಡಿಯುವುದಿಲ್ಲ. ಸಿಂಹಳದಲ್ಲಿ 1995ರಿಂದ ಅತಿ ಘೋರವಾದ ಕೆಲವು ಕ್ರಿಮಿನಾಶಕಗಳನ್ನು ನಿಷೇಧಿಸಿದ ಮೇಲೆ, 2005ರ ವೇಳೆಗೆ ಆತ್ಮಹತ್ಯೆಯ ಪ್ರಮಾಣವು ಸುಮಾರು ಅರ್ಧಕ್ಕೆ ಇಳಿಯಿತು. ಆದುದರಿಂದ ಉಳಿದ ಶೀಸೆಗಳನ್ನು ಅಟ್ಟದ ಮೇಲೋ ಕೊಟ್ಟಿಗೆಯ ಗೂಡಿನಲ್ಲೋ ಇಡದೆ ಬೀಗದ ಪೆಟ್ಟಿಗೆಯಲ್ಲಿಟ್ಟು, ಮನೆಯಲ್ಲಿ ಯಾರಾದರೂ ಖಿನ್ನರಾಗಿದ್ದರೆ ಬೀಗದ ಕೈಯನ್ನು ಬೇರೆಯವರ ವಶದಲ್ಲಿ ಇಡಬೇಕು. ಒಂದು ಹಂಗಾಮಿಗೆ ಬೇಕಾದುದಕ್ಕಿಂತ ಹೆಚ್ಚು ಕೊಳ್ಳುವುದು ಹೇಗೂ ದಂಡ.

‘ಸಾಯುವ ಯೋಚನೆ ಬರುತ್ತಿದೆಯೇ?’ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುವುದೆಂದು ಮನೆಯವರು ಹೆದರುತ್ತಾರೆ. ಈ ಹೆದರಿಕೆಗೆ ಆಧಾರವಿಲ್ಲ. ಕೇಳುವವರು ಸಿಕ್ಕಿದರೆಂದೇ ಹಲವರ ಭಾರ ಇಳಿಯುತ್ತದೆ. ಹೌದೆಂದು ಉತ್ತರ ಬಂದರೆ ಅವರನ್ನು ಒಬ್ಬರೇ ಬಿಡದೆ ಆ ದಿನವೇ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ರಾತ್ರಿಯ ವೇಳೆಯಾಗಿ ದಾರಿ ತೋಚದಿದ್ದರೆ 14416 ಎಂಬ ಸಂಖ್ಯೆಗೆ ಫೋನು ಮಾಡಬಹುದು. ಕೇಂದ್ರ ಸರ್ಕಾರದವರು 2022ರ ಅಕ್ಟೋಬರಿನಲ್ಲಿ ಏರ್ಪಡಿಸಿದ ಈ ಟೆಲಿ-ಮಾನಸ್ ಸೇವೆಯು ಹಗಲಿರುಳು ಉಚಿತವಾಗಿ ದೊರೆಯುತ್ತದೆ. ಕನ್ನಡದಲ್ಲಿಯೇ ಮಾತನಾಡಬಹುದು, ರೋಗಿಯ ಪರವಾಗಿ ಮನೆಯವರೂ ಕೇಳಬಹುದು.