ಅನುಭವಿ ವಕೀಲರ ಆಯ್ಕೆ ಮತ್ತು ಮೊದಲ ಭೇಟಿಯ ಸಿದ್ಧತೆ



‘ಗೆದ್ದವನು ಸೋತ, ಸೋತವನು ಸತ್ತ’ ಎಂಬುದು ಕೋರ್ಟಿನ ಮೆಟ್ಟಿಲು ಹತ್ತಿದವರನ್ನು ಕುರಿತು ನಮ್ಮ ನಾಡಿನಲ್ಲಿ ಬಹುಕಾಲದಿಂದ ಪ್ರಚಲಿತವಿರುವ ಮಾತು. ತಲೆಮಾರುಗಟ್ಟಲೆ ನಡೆದ ಜಮೀನಿನ ವ್ಯಾಜ್ಯಗಳನ್ನು ಕಣ್ಣಾರೆ ಕಂಡವರ ಅನುಭವ ಅದರಲ್ಲಿದೆ. ಅದನ್ನು ಕೇಳಿ ಬೆಳೆದ ನಾವು ಅಮೆರಿಕೆಗೆ ಬಂದ ಮೇಲೂ ವಕೀಲರೆಂದರೆ ಹಿಂಜರಿಯುತ್ತೇವೆ. ಜ್ವರ ಬಂದರೆ ನೇರವಾಗಿ ವೈದ್ಯರಲ್ಲಿಗೆ ಹೋಗುವ ನಾವು, ವೀಸಾದ ತೊಡಕು ಬಂದಾಗ ಮೊದಲು ಸ್ನೇಹಿತರನ್ನೂ, ಬಳಿಕ ಸ್ನೇಹಿತರ ಸ್ನೇಹಿತರನ್ನೂ, ಕಟ್ಟಕಡೆಗೆ ವಕೀಲರನ್ನೂ ಕೇಳುತ್ತೇವೆ. ಅಷ್ಟು ಹೊತ್ತಿಗೆ ಕಾಲ ಮೀರಿರಬಹುದು.

ಎಷ್ಟು ಬೇಗ ಮೀರುತ್ತದೆಂಬುದನ್ನು ನೋಡೋಣ. ಎಚ್-1ಬಿ ವೀಸಾದ ಮೇಲೆ ದುಡಿಯುವವರ ಉದ್ಯೋಗ ಹೋದರೆ, 2017ರ ಜನವರಿಯಲ್ಲಿ ಜಾರಿಗೆ ಬಂದ ನಿಯಮದಂತೆ, ಅವರಿಗೂ ಅವರ ಎಚ್-4 ಕುಟುಂಬಕ್ಕೂ ದೊರೆಯುವ ಅವಕಾಶ ಹೆಚ್ಚೆಂದರೆ 60 ದಿನ. ಐ-94 ಪತ್ರದ ಅವಧಿ ಅದಕ್ಕೂ ಮೊದಲೇ ಮುಗಿಯುವುದಾದರೆ ಅಲ್ಲಿಯವರೆಗೆ ಮಾತ್ರ. ಇದೂ ಸರ್ಕಾರದ ವಿವೇಚನೆಗೆ ಒಳಪಟ್ಟದ್ದು. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಸಲ್ಲಿಸಬೇಕು, ಇಲ್ಲವೇ ಬೇರೊಂದು ವೀಸಾ ಸ್ಥಿತಿಗೆ ಬದಲಾಯಿಸಲು ನಾವು ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು. ಮನೆಯ ಸಾಲ, ಮಕ್ಕಳ ಶಾಲೆ, ವರ್ಷಗಟ್ಟಲೆ ಕಾದ ಗ್ರೀನ್ ಕಾರ್ಡಿನ ಸರದಿ, ಎಲ್ಲವೂ ಈ ದಿನಗಳ ಲೆಕ್ಕದ ಮೇಲೆ ನಿಂತಿರುತ್ತವೆ. ಇದರಲ್ಲಿ ಮೂರು ವಾರ ವಿಚಾರಿಸುವುದರಲ್ಲೇ ಕಳೆದರೆ ಉಳಿಯುವುದೆಷ್ಟು?

‘ನಮಗೆ ಕಂಪನಿಯ ವಕೀಲರಿದ್ದಾರಲ್ಲ’ ಎಂದು ಹೇಳುವವರಿದ್ದಾರೆ. ಎಚ್-1ಬಿ ಅರ್ಜಿಯಲ್ಲಿ ಅರ್ಜಿದಾರರು ನಾವಲ್ಲ, ಕಂಪನಿ. ವಕೀಲರನ್ನು ಗೊತ್ತುಮಾಡಿ ಹಣ ಕೊಡುವುದೂ ಸಾಮಾನ್ಯವಾಗಿ ಕಂಪನಿಯೇ. ಕೆಲವೆಡೆ ಅವರು ಇಬ್ಬರ ಪರವಾಗಿಯೂ ನಿಂತಿರುವುದುಂಟು. ಆದರೆ ಕಂಪನಿ ನಮ್ಮನ್ನು ತೆಗೆದುಹಾಕಿದ ದಿನ ಇಬ್ಬರ ಹಿತಾಸಕ್ತಿ ಬೇರೆಬೇರೆಯಾಗುತ್ತದೆ. ಅಂದಿನಿಂದ ನಮ್ಮ ಹಿತವನ್ನಷ್ಟೇ ನೋಡುವ ವಕೀಲರು ನಮಗೆ ಬೇಕು. ಅಂಥವರ ಹೆಸರನ್ನು ತೊಂದರೆ ಬರುವ ಮೊದಲೇ ಗುರುತಿಸಿಟ್ಟುಕೊಳ್ಳುವುದು ಜಾಣತನ.

ವಕೀಲರಾದ ಮಾತ್ರಕ್ಕೆ ಎಲ್ಲ ಕಾನೂನೂ ತಿಳಿದಿರುತ್ತದೆ ಎಂದಲ್ಲ. ಇದಕ್ಕೆ ಹೊಸೆ ಪಡಿಲ್ಲಾ ಎಂಬುವರ ಪ್ರಕರಣವೇ ಸಾಕ್ಷಿ. ಹೊಂಡುರಾಸ್ ಮೂಲದ ಅವರು 40 ವರ್ಷಕ್ಕೂ ಮಿಕ್ಕಿ ಇಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದವರು, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿ ದುಡಿದವರು. ಕೆಂಟಕಿ ರಾಜ್ಯದಲ್ಲಿ ಮಾದಕವಸ್ತು ಸಾಗಣೆಯ ಆರೋಪ ಬಂದಾಗ, ಇಷ್ಟು ಕಾಲದಿಂದ ಇಲ್ಲಿರುವುದರಿಂದ ವಲಸೆಯ ವಿಷಯದಲ್ಲಿ ಚಿಂತೆ ಬೇಡವೆಂದು ವಕೀಲರು ಹೇಳಿದರೆಂಬುದು ಅವರ ವಾದ. ಅವರು ತಪ್ಪೊಪ್ಪಿಕೊಂಡರು. ಆ ಅಪರಾಧಕ್ಕೆ ಗಡೀಪಾರು ಬಹುಮಟ್ಟಿಗೆ ಖಚಿತವಾಗಿತ್ತು. ಅಪರಾಧ ಪ್ರಕರಣದ ವಕೀಲರು ಗಡೀಪಾರಿನ ಅಪಾಯವನ್ನು ಕಕ್ಷಿದಾರರಿಗೆ ತಿಳಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2010ರ ಮಾರ್ಚ್ 31ರಂದು ತೀರ್ಪಿತ್ತಿತು. ಕುಡಿದು ಕಾರು ಓಡಿಸಿದ್ದು, ಅಂಗಡಿಯಲ್ಲಿ ಹಣ ಕೊಡದೆ ವಸ್ತು ತಂದದ್ದು ಮುಂತಾದ ಆರೋಪಗಳು ಬಂದಾಗಲೂ, ಪ್ರಜೆಗಳಲ್ಲದವರು ಯಾವುದನ್ನೂ ಒಪ್ಪಿಕೊಳ್ಳುವ ಮೊದಲು ವಲಸೆ ವಕೀಲರನ್ನೂ ಕೇಳುವುದು ಕ್ಷೇಮ.

ಹಾಗಾದರೆ ಅನುಭವಿಗಳನ್ನು ಗುರುತಿಸುವುದು ಹೇಗೆ? ವಲಸೆ ಕಾನೂನು ಒಕ್ಕೂಟ ಸರ್ಕಾರದ್ದು. ಆದುದರಿಂದ ಯಾವುದೇ ಒಂದು ರಾಜ್ಯದಲ್ಲಿ ಪರವಾನಗಿ ಪಡೆದ ವಕೀಲರು ಬೇರೆ ರಾಜ್ಯದಲ್ಲಿರುವವರ ವಲಸೆ ಅರ್ಜಿಯನ್ನೂ ನಡೆಸಬಹುದು. ವಿಚ್ಛೇದನ, ಉಯಿಲು ಮುಂತಾದವು ರಾಜ್ಯದ ಕಾನೂನಿಗೆ ಸೇರಿದವಾದ್ದರಿಂದ ಅವಕ್ಕೆ ಆಯಾ ರಾಜ್ಯದ ವಕೀಲರೇ ಬೇಕು. ಪರವಾನಗಿ ಕೊಟ್ಟ ರಾಜ್ಯದ ಬಾರ್ ಅಥವಾ ನ್ಯಾಯಾಲಯದ ದಾಖಲೆಯಲ್ಲಿ ಅವರ ಹೆಸರು ಇದೆಯೇ, ಶಿಸ್ತುಕ್ರಮವೇನಾದರೂ ನಡೆದಿದೆಯೇ ಎಂದು ನೋಡಬೇಕು. ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಫ್ಲಾರಿಡಾ ರಾಜ್ಯಗಳಲ್ಲಿ ವಲಸೆ ಕಾನೂನಿನ ಪರಿಣತರಿಗೆ ಪ್ರತ್ಯೇಕ ಪ್ರಮಾಣಪತ್ರ ಕೊಡುವ ಪದ್ಧತಿಯೂ ಇದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಭಾರತದಲ್ಲಿ ನೋಟರಿಗಳು ಸಾಮಾನ್ಯವಾಗಿ ವರ್ಷಾನುಗಟ್ಟಲೆ ವಕೀಲಿ ಮಾಡಿದವರು. ಅಮೆರಿಕದ ನೋಟರಿ ಸಹಿಗೆ ಸಾಕ್ಷಿಯಾಗುವವರು ಮಾತ್ರ. ‘ಕನ್ಸಲ್ಟೆಂಟ್’ ಎಂಬ ಫಲಕಕ್ಕೂ ಕಾನೂನಿನ ಬೆಲೆಯಿಲ್ಲ. ನಿಜವಾದ ವಕೀಲರು ಜಿ-28 ಎಂಬ ನಮೂನೆಯಲ್ಲಿ ಸಹಿ ಮಾಡಿ ನಮ್ಮ ಪರವಾಗಿ ನಿಲ್ಲುತ್ತಾರೆ. ಅರ್ಜಿಯನ್ನು ತಾವೇ ತುಂಬಿ, ತಮ್ಮ ಹೆಸರು ಮಾತ್ರ ಬೇಡವೆನ್ನುವವರಿಂದಲೂ, ‘ಖಂಡಿತ ಮಾಡಿಸಿಕೊಡುತ್ತೇವೆ’ ಎಂದು ಮಾತು ಕೊಡುವವರಿಂದಲೂ ದೂರವಿರಬೇಕು. ತೀರ್ಮಾನ ಸರ್ಕಾರದ್ದಾಗಿರುವಾಗ ಖಾತರಿ ಕೊಡುವುದು ಯಾರಿಂದಲೂ ಸಾಧ್ಯವಿಲ್ಲ.

ಇನ್ನು ಮೊದಲ ಭೇಟಿಯ ಮಾತು. ಅದು ಸಾಮಾನ್ಯವಾಗಿ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಕಥೆಯನ್ನು ಊರಿನಿಂದ ಹೊರಟ ದಿನದಿಂದ ಆರಂಭಿಸಿದರೆ ಪ್ರಶ್ನೆಗೆ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಆದುದರಿಂದ ಒಂದೇ ಹಾಳೆಯಲ್ಲಿ ತಾರೀಖುವಾರು ಪಟ್ಟಿ ಮಾಡಿಕೊಂಡು ಹೋಗೋಣ: ದೇಶಕ್ಕೆ ಬಂದ ದಿನಗಳು, ವೀಸಾ ಬದಲಾದ ದಿನಗಳು, ಕೆಲಸ ಸೇರಿದ ಹಾಗೂ ಬಿಟ್ಟ ದಿನಗಳು, ಐ-140 ಮಂಜೂರಾದ ದಿನ, ಗ್ರೀನ್ ಕಾರ್ಡಿನ ಸರದಿಯ ತಾರೀಖು. ಅದರ ಕೆಳಗೆ ನಮಗೆ ಬೇಕಾದುದೇನೆಂಬುದನ್ನು ಎರಡು ವಾಕ್ಯದಲ್ಲಿ ಬರೆಯೋಣ. ಜೊತೆಗೆ ಪಾಸ್‌ಪೋರ್ಟ್, ಐ-94, ಎಲ್ಲ ಐ-797 ಪತ್ರಗಳು, ಇತ್ತೀಚಿನ ಸಂಬಳದ ಚೀಟಿಗಳು, ಡಬ್ಲ್ಯೂ-2, ಕೆಲಸದಿಂದ ತೆಗೆದ ಪತ್ರ, ಪದವಿಯ ಪ್ರಮಾಣಪತ್ರ, ಪೊಲೀಸ್ ಅಥವಾ ಕೋರ್ಟಿನ ಕಾಗದಗಳಿದ್ದರೆ ಅವು, ಇಷ್ಟರ ಪ್ರತಿಗಳಿರಲಿ. ಕಂಪನಿ ಬಿಡುಗಡೆಯ ಕರಾರಿಗೆ ಸಹಿ ಕೇಳಿದ್ದರೆ, ಸಹಿ ಮಾಡುವ ಮೊದಲೇ ಅದನ್ನು ತೋರಿಸೋಣ.

ವೈದ್ಯರ ಮುಂದೆಯೂ ವಕೀಲರ ಮುಂದೆಯೂ ಸುಳ್ಳು ಹೇಳಬಾರದೆಂದು ನಮ್ಮ ಹಿರಿಯರು ಹೇಳುತ್ತಾರೆ. ಹಿಂದೆ ವೀಸಾ ತಿರಸ್ಕೃತವಾದದ್ದು, ಕೆಲವು ತಿಂಗಳು ಸಂಬಳವಿಲ್ಲದೆ ಕುಳಿತದ್ದು, ಮುಜುಗರದ ಬಂಧನ, ಯಾವುದನ್ನೂ ಮುಚ್ಚಿಡಬಾರದು. ನಾವು ಹೇಳದಿದ್ದರೂ ಸರ್ಕಾರದ ಕಡತದಲ್ಲಿ ಅದು ಇರಬಹುದು. ವಕೀಲರಿಗೆ ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ, ಮುಂದೆ ಅವರನ್ನು ನೇಮಿಸಿಕೊಳ್ಳದಿದ್ದರೂ ಸಹ. ಆದರೆ ಧೈರ್ಯಕ್ಕೆಂದು ಭಾವನನ್ನೋ ಗೆಳೆಯನನ್ನೋ ಒಳಗೆ ಕರೆದೊಯ್ಯುವ ನಮ್ಮ ಪದ್ಧತಿಯಿಂದ ಆ ಗುಟ್ಟಿನ ರಕ್ಷಣೆಗೆ ಕುಂದು ಬರಬಹುದು. ಅವರು ಹೊರಗೆ ಕುಳಿತಿರಲಿ. ಇಂಗ್ಲಿಷ್ ಬಾರದ ತಂದೆತಾಯಿಗಳಿಗೆ ದುಭಾಷಿ ಬೇಕಾದರೆ ವಕೀಲರಿಗೆ ಮುಂಚೆಯೇ ತಿಳಿಸೋಣ.

ಕೇಳುವ ಪ್ರಶ್ನೆಗಳನ್ನೂ ಬರೆದುಕೊಳ್ಳೋಣ. ಇಂಥ ಪ್ರಕರಣಗಳನ್ನು ಎಷ್ಟು ನಡೆಸಿದ್ದೀರಿ? ಕೆಲಸ ಮಾಡುವವರು ತಾವೋ, ಸಹಾಯಕರೋ? ನಮಗಿರುವ ದಾರಿಗಳಾವುವು, ಒಂದೊಂದರ ಅಪಾಯವೇನು? ಅರ್ಜಿ ತಿರಸ್ಕೃತವಾದರೆ ಮುಂದೇನು? ಶುಲ್ಕ ಒಟ್ಟು ಮೊತ್ತವೋ, ಗಂಟೆಯ ಲೆಕ್ಕವೋ? ಸರ್ಕಾರದ ಶುಲ್ಕ ಅದರಲ್ಲಿ ಸೇರಿದೆಯೇ? ಹಣದ ಮಾತೆತ್ತಲು ಸಂಕೋಚ ಬೇಡ. ಒಪ್ಪಿದ್ದೆಲ್ಲ ಲಿಖಿತ ಕರಾರಿನಲ್ಲಿರಲಿ. ಗ್ರೀನ್ ಕಾರ್ಡಿನ ಮೊದಲ ಹಂತವಾದ ಲೇಬರ್ ಸರ್ಟಿಫಿಕೇಷನ್ನಿಗೆ ಕಂಪನಿಯ ವಕೀಲರ ಖರ್ಚನ್ನು 2007ರ ಜುಲೈಯಿಂದ ಕಂಪನಿಯೇ ಭರಿಸಬೇಕೆಂಬ ನಿಯಮವಿದೆಯೆಂಬುದೂ ತಿಳಿದಿರಲಿ.

ಹೊರಡುವ ಮೊದಲು ಮುಂದಿನ ಹೆಜ್ಜೆ ಯಾರದು, ಯಾವ ತಾರೀಖಿನೊಳಗೆ ಎಂಬುದನ್ನು ಕೇಳಿ ಬರೆದುಕೊಂಡೇ ಎದ್ದು ಬರೋಣ. ನಮ್ಮ ಹಿರಿಯರು ವ್ಯಾಜ್ಯಕ್ಕೆ ಹೆದರಿದ್ದು ಸರಿಯೇ. ಆದರೆ ವ್ಯಾಜ್ಯ ಹುಟ್ಟದಂತೆ ನೋಡಿಕೊಳ್ಳುವುದಕ್ಕೂ ವಕೀಲರು ಬೇಕು. ಆ ಒಂದು ಗಂಟೆಯ ಸಲಹೆಗೆ ಕೊಡುವ ಹಣ ಕೈತಪ್ಪಿದ ದಿನಗಳಿಗಿಂತ ಅಗ್ಗ. ಇಲ್ಲಿ ಹೇಳಿದ್ದು ಸಾಮಾನ್ಯ ತಿಳಿವಳಿಕೆ ಮಾತ್ರ. ನಿಯಮಗಳು ಬದಲಾಗುತ್ತಿರುವುದರಿಂದ ತಮ್ಮ ತಮ್ಮ ಸಂಗತಿಯನ್ನು ವಕೀಲರಲ್ಲೇ ಕೇಳಿ ತಿಳಿಯಬೇಕೆಂದು ವಿನಂತಿ.